ಕತ್ತಿಯ ಬೆನ್ನು ಕಾಯುವ ವಿಜಿ

ನೈರೋಬಿಯ ಪಂಗಾನಿ ಬಡಾವಣೆಯ ಹಳೆಯ ಕಟ್ಟಡವೊಂದರ ಮೂರನೇ ಮಹಡಿ. ಇನ್ನೂ ಪೂರ್ತಿ ಬೆಳಕಾಗಿಲ್ಲ. ಕೆಳಗಿನ ರಸ್ತೆಯಲ್ಲಿ ಮಟಾಟು ಎಂಬ ಬಾಡಿಗೆ ವ್ಯಾನುಗಳು ಆಗಲೇ ಜೋರಾಗಿ ಹಾಡು ಹಾಕಿಕೊಂಡು ಊರೊಳಗೆ ಹೋಗುವವರನ್ನು ಕೂಗಿ ಹತ್ತಿಸಿಕೊಳ್ಳುತ್ತಿವೆ. ಅಡುಗೆಮನೆಗೆ ಅಂಟಿಕೊಂಡ ಬಾಲ್ಕನಿಯಲ್ಲಿ ವಿಜಿ ಸ್ವೆಟರಿನ ತೋಳು ಮೇಲಕ್ಕೆ ಮಡಚಿ ಗಿಡ್ಡ ಮಣೆಯ ಮೇಲೆ ಕೂತಿದ್ದಾರೆ. ಮುಂದೆ ಒದ್ದೆ ಬಟ್ಟೆಯ ಮೇಲಿಟ್ಟ ಸಾಣೆಕಲ್ಲು, ಒಂದು ಬಟ್ಟಲು ನೀರು, ಕರೆಂಟ್ ಕೆಲಸದವರು ಬಳಸುವ ಕಪ್ಪು ಟೇಪಿನ ಸುರುಳಿ. ಕೈಯಲ್ಲಿ ಕ್ಷೌರದ ಕತ್ತಿ. ಹಿಡಿಯೊಳಗೆ ಮಡಚಿ ಇಡುವಂಥದ್ದು, ನಮ್ಮ ತಾತಂದಿರ ಕಾಲದ್ದು.

ಅವರು ಕತ್ತಿಯನ್ನು ಕೂಡಲೇ ಕಲ್ಲಿಗೆ ಮುಟ್ಟಿಸುವುದಿಲ್ಲ. ಮೊದಲು ಟೇಪು. ಅಲಗಿನ ಉದ್ದಕ್ಕೆ ಸರಿಯಾಗಿ ಒಂದೇ ತುಂಡು ಕತ್ತರಿಸಿ, ಕತ್ತಿಯ ದಪ್ಪ ಬೆನ್ನಿನ ಮೇಲೆ ಕೂರಿಸಿ, ಎರಡೂ ಬದಿಗೆ ಮಡಿಸಿ, ಹೆಬ್ಬೆರಳಿನ ಉಗುರಿನಿಂದ ಒತ್ತುತ್ತ ಹೋಗುತ್ತಾರೆ. ಒಂದು ಕಡೆ ಸಾಸಿವೆಯಷ್ಟು ಗುಳ್ಳೆ ಉಳಿಯುತ್ತದೆ. ಇಡೀ ಟೇಪನ್ನೇ ಕಿತ್ತು ಹಾಕಿ ಹೊಸ ತುಂಡು ಕತ್ತರಿಸುತ್ತಾರೆ.

"ಅದನ್ನೇ ಒತ್ತಿಬಿಟ್ಟಿದ್ರೆ ಆಗ್ತಿರಲಿಲ್ವಾ?" ಎಂದು ಕೇಳುತ್ತೇನೆ.

"ಆಗಲ್ಲ. ಅಲ್ಲಿ ಕತ್ತಿ ಒಂಚೂರು ಎದ್ದು ಕೂರುತ್ತೆ. ಆಮೇಲೆ ಹರಿತದ ಬಾಯಿ ಅಲ್ಲೊಂದು ಥರ, ಇಲ್ಲೊಂದು ಥರ ಆಗುತ್ತೆ." ಮಾತು ಮುಗಿಸಿ ನನ್ನತ್ತ ನೋಡುತ್ತಾರೆ. "ನೀವು ಇದನ್ನೆಲ್ಲ ಬರ್ಕೊಂಡು ಏನ್ ಮಾಡ್ತೀರಾ?"

ಆ ನೋಟದಲ್ಲಿ ನಂಬಿಕೆ ಇಲ್ಲ. ನಿಜ ಹೇಳಬೇಕೆಂದರೆ ನನ್ನಲ್ಲೂ ಇಲ್ಲ. ಪಾರ್ಕ್‌ಲ್ಯಾಂಡ್ಸ್‌ನಲ್ಲಿ ನಾವಿರುವ ಫ್ಲ್ಯಾಟಿನ ನೆರೆಯವರು ಇವರ ಬಗ್ಗೆ ಹೇಳಿದಾಗ ಜೊತೆಗೆ ಒಂದು ಮಾತು ಸೇರಿಸಿದ್ದರು: "ಕೆಲಸ ಚೆನ್ನಾಗಿ ಮಾಡ್ತಾರೆ, ಆದ್ರೆ ಹುಷಾರು. ಚಿನ್ನದ ವಿಷಯದಲ್ಲಿ ಏನೋ ಗಲಾಟೆ ಆಗಿತ್ತು." ಏನು ಗಲಾಟೆ ಎಂದು ಅವರಿಗೂ ಗೊತ್ತಿರಲಿಲ್ಲ. ನಾನು ಇಲ್ಲಿಗೆ ಬಂದದ್ದು ಅರ್ಧ ಆ ಕತ್ತಿಗಳಿಗಾಗಿ, ಅರ್ಧ ಆ ಗಲಾಟೆಗಾಗಿ.

ನೈರೋಬಿಯಲ್ಲಿ ಇಂಥ ಕತ್ತಿಯನ್ನು ಮಸೆದುಕೊಡುವವರು ಇನ್ನೆಷ್ಟು ಜನ ಇದ್ದಾರೋ ತಿಳಿಯದು. ಸಲೂನುಗಳಲ್ಲಿ ಈಗ ಅರ್ಧ ಬ್ಲೇಡು ಸಿಕ್ಕಿಸಿ, ಒಬ್ಬರಿಗೆ ಬಳಸಿ ಎಸೆಯುತ್ತಾರೆ. ಅಸಲಿ ಕತ್ತಿ ಇರುವುದು ಪಾರ್ಕ್‌ಲ್ಯಾಂಡ್ಸ್‌ನ ಹಳೆಯ ಮನೆಗಳ ಕಪಾಟುಗಳಲ್ಲಿ, ಹಟ ಬಿಡದ ಕೆಲವು ವೃದ್ಧರ ಬಳಿ, ಮತ್ತೆ ಈಚೆಗೆ ಶೋಕಿಗೆಂದು ಕೊಳ್ಳುತ್ತಿರುವ ಕಂಪನಿ ಹುಡುಗರ ಬಳಿ. ವಾರಕ್ಕೆ ಐದೋ ಆರೋ ವಿಜಿಯ ಬಾಲ್ಕನಿಗೆ ಬರುತ್ತವೆ. ಉಳಿದಂತೆ ಟೈಲರುಗಳ ಕತ್ತರಿ, ಬ್ಯೂಟಿ ಪಾರ್ಲರಿನ ಕತ್ತರಿ. ಮನೆ ನಡೆಯಲು ನೆರವಾಗುವುದು ಕತ್ತರಿಗಳೇ. ಆದರೆ ಬೆಳಗಿನ ಮೊದಲ ಬೆಳಕು, ಕೈ ದಣಿಯದ ಹೊತ್ತು, ಎರಡೂ ಕತ್ತಿಗಳಿಗೆ ಮೀಸಲು.

ಐವತ್ತೊಂದರ ವಿಜಿ ಮೈಸೂರಿನ ಕಡೆಯವರು. ಮದುವೆಯಾಗಿ ಇಲ್ಲಿಗೆ ಬಂದಾಗ ಅವರಿಗೆ ಗೊತ್ತಿದ್ದದ್ದು ರವಿಕೆ ಹೊಲಿಯುವುದು. ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಅವರು ಹೊಲಿಗೆ ಮಾಡುತ್ತಿದ್ದ ಅಂಗಡಿಯ ಪಕ್ಕದಲ್ಲೇ ಮಂಗಳೂರಿನ ಆಲ್ಫ್ರೆಡ್ ಎಂಬವರ ಸಲೂನು ಇತ್ತು. ವಿಜಿಯ ಕತ್ತರಿ ಮೊಂಡಾದಾಗ ಆಲ್ಫ್ರೆಡ್ ಒಳಗೆ ಕೊಂಡುಹೋಗಿ, ಪರದೆ ಎಳೆದು, ಮಸೆದು ತಂದು ಕೊಡುತ್ತಿದ್ದರಂತೆ. ಕಲ್ಲನ್ನು ಯಾರಿಗೂ ತೋರಿಸುತ್ತಿರಲಿಲ್ಲ. ಟವೆಲಿನಲ್ಲಿ ಸುತ್ತಿ ಬೀಗ ಹಾಕಿದ ಡ್ರಾಯರಿನಲ್ಲಿ ಇಡುತ್ತಿದ್ದರು.

"ಕಲ್ಲು ಕದೀತಾರೆ ಅಂತ ಭಯ ಅಲ್ಲ, ಕಣ್ಣಲ್ಲೇ ಕೆಲಸ ಕದೀತಾರೆ ಅಂತ" ಎನ್ನುತ್ತಾರೆ ವಿಜಿ. "ಆಮೇಲೆ ಅವರ ಕಣ್ಣಿಗೇ ಪೊರೆ ಬಂತು. ಕತ್ತಿ ಬಾಯಿ ಕಾಣ್ತಿರಲಿಲ್ಲ. ಆಗ ಕರೆದು ಕಲ್ಲು ತೋರಿಸಿದ್ರು. ನಾನು ಅಷ್ಟು ಹತ್ತಿರ ಇದ್ದಿದ್ದಕ್ಕೆ ಕರೆದಿದ್ದು, ಪ್ರೀತಿಗೇನಲ್ಲ."

ಆಲ್ಫ್ರೆಡ್ ಈಗಿಲ್ಲ. ಅವರು ಮೊದಲ ದಿನ ಹೇಳಿದ್ದನ್ನು ವಿಜಿ ಅವರದ್ದೇ ದನಿಯಲ್ಲಿ ಹೇಳಿ ತೋರಿಸುತ್ತಾರೆ: "ಕತ್ತಿಯ ಬಾಯಿ ಹಾಳಾದ್ರೆ ನಾನು ಸರಿ ಮಾಡಿ ಕೊಡ್ತೇನೆ. ಬೆನ್ನು ಹಾಳಾದ್ರೆ ಯಾರು ಮಾಡುದು ಮಾರಾಯ್ತಿ?"

ಕತ್ತಿಯನ್ನು ಕಲ್ಲಿನ ಮೇಲೆ ಮಲಗಿಸಿದಾಗ ಅದು ಎರಡು ಕಡೆ ಕಲ್ಲಿಗೆ ತಾಗುತ್ತದೆ. ಹರಿತದ ಬಾಯಿ ಒಂದು ಕಡೆ, ದಪ್ಪನೆಯ ಬೆನ್ನು ಇನ್ನೊಂದು ಕಡೆ. ಬಾಯಿ ಯಾವ ಓರೆಯಲ್ಲಿ ಕಲ್ಲಿಗೆ ಕೂರಬೇಕೆಂದು ತೀರ್ಮಾನಿಸುವುದು ಬೆನ್ನಿನ ದಪ್ಪ. ಮಸೆದಷ್ಟೂ ಬಾಯಿಯ ಜೊತೆ ಬೆನ್ನೂ ಸವೆಯುತ್ತದೆ. ಉಕ್ಕು ಮತ್ತೆ ಬೆಳೆಯುವುದಿಲ್ಲ. ಬೆನ್ನಿನ ಮೇಲೆ ಕೆತ್ತನೆಯೋ ಚಿನ್ನದ ಬಳ್ಳಿಯೋ ಇದ್ದರೆ ಮೊದಲು ಹೋಗುವುದು ಅದು. ಆದ್ದರಿಂದ ಟೇಪು. ಕಲ್ಲು ಟೇಪನ್ನು ತಿನ್ನುತ್ತದೆ, ಬೆನ್ನು ಉಳಿಯುತ್ತದೆ. ಟೇಪು ತೆಳುವಾಗುತ್ತಿದ್ದಂತೆ ವಿಜಿ ಅದನ್ನು ಕಿತ್ತು ಹೊಸದು ಹಾಕುತ್ತಾರೆ.

ನಾನು ನೋಡುತ್ತಿರುವ ಈ ಕತ್ತಿಯ ಕೆಲಸ ಮುಗಿಯುತ್ತದೆ. ಚರ್ಮದ ಪಟ್ಟಿಯ ಮೇಲೆ ಹಿಂದೆ ಮುಂದೆ ಎಳೆದು, ಒರೆಸಿ, ಕೊನೆಗೊಂದು ಹೊಸ ಟೇಪನ್ನು ಬೆನ್ನಿಗೆ ಹಾಕಿ, ಹಾಗೇ ಮಡಚಿ ಬಟ್ಟೆಯಲ್ಲಿ ಸುತ್ತುತ್ತಾರೆ. ಮಸೆದಾದ ಮೇಲೆ ಟೇಪು ಯಾಕೆ?

"ಅದನ್ನ ನಾನು ತೆಗೆಯಲ್ಲ. ಕತ್ತಿ ಯಾರದ್ದೋ ಅವರೇ ಇಲ್ಲಿ ಬಂದು, ನನ್ನೆದುರಿಗೆ ಕಿತ್ತು, ಬೆನ್ನು ನೋಡ್ಬೇಕು. ಬೇರೆಯವರ ಕೈಲಿ ಕೊಟ್ಟು ಕಳಿಸಲ್ಲ."

ಇದೂ ಆಲ್ಫ್ರೆಡ್ ಕಲಿಸಿದ್ದೇ ಎಂದರೆ ಅಲ್ಲವೆಂದು ತಲೆಯಾಡಿಸುತ್ತಾರೆ. ಕಲ್ಲು ತೊಳೆಯುತ್ತಾರೆ. ಒಳಗೆ ಹೋಗಿ ಚಹಾ ತರುತ್ತಾರೆ. ಆಮೇಲೆ ಕಳೆದ ವರ್ಷದ ಕಥೆ ಹೊರಬರುತ್ತದೆ. ಆ ಮನೆಯವರ ಹೆಸರು ಮಾತ್ರ ಬದಲಿಸಬೇಕೆಂದು ಕೇಳಿಕೊಳ್ಳುತ್ತಾರೆ. ಬದಲಿಸಿದ್ದೇನೆ.

ಇದೇ ಊರಿನ ಲ್ಯಾವಿಂಗ್ಟನ್‌ನಲ್ಲಿರುವ ಧನಂಜಯ್ ಅಂತಾರಾಷ್ಟ್ರೀಯ ಸಂಸ್ಥೆಯೊಂದರಲ್ಲಿ ಕೆಲಸ ಮಾಡುವವರು. ಅವರ ತಂದೆ ಶ್ರೀಪಾದ ಮೈಸೂರಿನಿಂದ ಬಂದು ಮಗನ ಜೊತೆ ಕೆಲವು ತಿಂಗಳು ಇದ್ದರು. ಬರುವಾಗ ತಮ್ಮ ತಂದೆಯ ಕ್ಷೌರದ ಕತ್ತಿಯನ್ನೂ ತಂದಿದ್ದರು. ಅದರ ಬೆನ್ನಿನುದ್ದಕ್ಕೆ ಸಣ್ಣ ಎಲೆಗಳ ಚಿನ್ನದ ಬಳ್ಳಿ. ಮೊಂಡಾಗಿದ್ದ ಕತ್ತಿಯನ್ನು ಧನಂಜಯ್ ವಿಜಿಯ ಬಳಿ ತಂದು ಕೊಟ್ಟರು. ವಿಜಿ ಟೇಪು ಹಾಕಿ ಮಸೆದರು, ಟೇಪು ತೆಗೆದರು, ಬಟ್ಟೆಯಲ್ಲಿ ಸುತ್ತಿದರು. ಒಯ್ಯಲು ಬಂದವಳು ಆ ಮನೆಯ ಅಡುಗೆ ಕೆಲಸದ ಮುಕಾಮಿ. ಅವಳ ಮನೆ ಪಂಗಾನಿಯ ಹತ್ತಿರವೇ ಇರುವುದರಿಂದ ಬೆಳಗ್ಗೆ ಕೆಲಸಕ್ಕೆ ಹೋಗುವಾಗ ತೆಗೆದುಕೊಂಡು ಹೋದಳು. ಕೊಡುವಾಗ ವಿಜಿ ಬಟ್ಟೆ ಬಿಚ್ಚಿ ತೋರಿಸಲಿಲ್ಲ. ಅವಳೂ ಕೇಳಲಿಲ್ಲ.

ಒಂದೂವರೆ ವಾರದ ನಂತರ ಧನಂಜಯ್ ಬಾಗಿಲಲ್ಲಿ ನಿಂತಿದ್ದರು. ಕತ್ತಿಯ ಬೆನ್ನಿನ ಎರಡೂ ಅಂಚು ಚಪ್ಪಟೆಯಾಗಿ ಬೆಳ್ಳಗೆ ಹೊಳೆಯುತ್ತಿತ್ತು. ಬಳ್ಳಿಯಲ್ಲಿ ನಡುವಿನ ದಂಟು ಮಾತ್ರ ಉಳಿದಿತ್ತು, ಎಲೆಗಳಿರಲಿಲ್ಲ.

"ಇದೇನು ಮೇಡಂ?"

"ನಾನು ಟೇಪ್ ಹಾಕಿದ್ದೆ ಸಾರ್. ಕೊಡುವಾಗ ಚಿನ್ನ ಇತ್ತು."

"ಟೇಪ್ ಒಳಗೆ ಏನ್ ನಡೀತು ಅಂತ ಯಾರು ನೋಡಿದ್ದಾರೆ?"

ಆ ಸಂಜೆಯೇ ಇಲ್ಲಿನ ಕನ್ನಡಿಗರ ವಾಟ್ಸ್ಯಾಪ್ ಗುಂಪಿನಲ್ಲಿ ಕತ್ತಿಯ ಎರಡು ಫೋಟೋ ಬಂದವು, ಮೊದಲಿನದು ಮತ್ತು ಈಗಿನದು. ಕೆಳಗೆ ಒಂದು ಸಾಲು: ಪಂಗಾನಿಯಲ್ಲಿ ಕತ್ತಿ ಮಸೆಯಲು ಕೊಡುವವರು ಎಚ್ಚರ. ಮರುದಿನದಿಂದ ಜನ ಬಂದು ಮಸೆಯದ ಕತ್ತಿಗಳನ್ನೂ ವಾಪಸು ಒಯ್ದರು. ಬ್ಯೂಟಿ ಪಾರ್ಲರಿನವರು ಕತ್ತರಿ ಕಳಿಸುವುದನ್ನು ನಿಲ್ಲಿಸಿದರು. ಕತ್ತರಿಯಲ್ಲಿ ಯಾವ ಚಿನ್ನ ಇತ್ತೋ ದೇವರಿಗೇ ಗೊತ್ತು.

"ಆ ಬೆನ್ನಿನ ಚಿನ್ನ ಎಲ್ಲ ಕೆರೆದು ಸೇರಿಸಿದ್ರೂ ಒಂದು ಮೂಗುಬೊಟ್ಟಿನ ಮುಳ್ಳಿಗೆ ಸಾಲಲ್ಲ" ಎಂದು ವಿಜಿ ಈಗಲೂ ಸಿಟ್ಟಾಗುತ್ತಾರೆ. "ಅದಕ್ಕೆ ನನ್ನ ಕಳ್ಳಿ ಅಂದ್ರು."

ಇಲ್ಲಿಯವರೆಗೆ ಕೇಳಿ ನನಗೆ ಸಮಾಧಾನವಾಗಲಿಲ್ಲ. ಕಥೆ ತೀರಾ ಚೊಕ್ಕಟವಾಗಿತ್ತು. ಒಂದೇ ಬಾಯಿಯಿಂದ ಬಂದ ಕಥೆಯನ್ನು ಬರೆದು ಕೈತೊಳೆದುಕೊಳ್ಳಲು ಮನಸ್ಸು ಒಪ್ಪಲಿಲ್ಲ. ಧನಂಜಯ್‌ಗೆ ಫೋನ್ ಮಾಡಿದೆ. "ಅದು ಮುಗಿದ ವಿಷಯ, ಪ್ಲೀಸ್" ಎಂದು ಇಟ್ಟುಬಿಟ್ಟರು. ಮುಕಾಮಿ ಸಿಕ್ಕಿದಳು. ಈಗ ಆಸ್ಪತ್ರೆಯೊಂದರ ಕ್ಯಾಂಟೀನಿನಲ್ಲಿ ಕೆಲಸ ಮಾಡುತ್ತಾಳೆ. ಚಪಾತಿ ಲಟ್ಟಿಸುತ್ತಲೇ ಇಂಗ್ಲಿಷು, ಸ್ವಾಹಿಲಿ ಬೆರೆಸಿ ಮಾತಾಡಿದಳು. ನಾನು ವಿಜಿಯ ಕಡೆಯವಳೋ ಆ ಮನೆಯ ಕಡೆಯವಳೋ ಎಂದು ಎರಡು ಸಲ ಕೇಳಿದಳು. ಯಾರ ಕಡೆಯೂ ಅಲ್ಲ ಎಂದಾಗ ನಕ್ಕಳು.

"ಆ ಮಾಮಾ ನಿಮಗೆ ಒಂದು ಮಾತು ಹೇಳಿರಲಿಕ್ಕಿಲ್ಲ" ಎಂದಳು. ಸ್ವಾಹಿಲಿಯಲ್ಲಿ ಮಾಮಾ ಎಂದರೆ ಅಮ್ಮ; ಅವಳು ಹೇಳಿದ್ದು ವಿಜಿಯನ್ನು. "ಸಾಹೇಬರು ಅವಳನ್ನು ಗದರಿಸಿದಾಗ ಅವಳು ಹೇಳಿದ್ದು ಏನು ಗೊತ್ತಾ? ನಿಮ್ಮ ಮನೆ ಕೆಲಸದವಳನ್ನು ಕೇಳಿ ಅಂತ. ಅದಕ್ಕೇ ಅಲ್ಲವೇ ನನ್ನ ಚೀಲವನ್ನು ಅಡುಗೆಮನೆಯ ನೆಲದ ಮೇಲೆ ಸುರಿಸಿದ್ದು? ನನ್ನ ಒಳಬಟ್ಟೆ, ನನ್ನ ಬೈಬಲ್, ಎಲ್ಲ ಆ ಮುದುಕಪ್ಪನ ಎದುರಿಗೆ. ತಿಂಗಳ ಕೊನೆಗೆ ಬೇರೆ ಕೆಲಸ ನೋಡಿಕೋ ಅಂದರು."

ಮತ್ತೆ ಪಂಗಾನಿಗೆ ಬಂದು ವಿಜಿಯನ್ನು ಕೇಳುತ್ತೇನೆ. ಅವರು ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಡುವುದಿಲ್ಲ.

"ಹೌದು, ಹೇಳಿದೆ. ನಂಗೆ ಅವಳ ಮೇಲೆ ಅನುಮಾನ ಇತ್ತು. ನನ್ನ ಕೈ ಬಿಟ್ಟಾಗ ಚಿನ್ನ ಇತ್ತು, ಆಮೇಲೆ ಅವಳ ಕೈಯಲ್ಲಿತ್ತು. ಬೇರೆ ಯಾರನ್ನ ಅನ್ಕೊಳ್ಳಲಿ?"

"ಅವಳ ಕೆಲಸ ಹೋಗುತ್ತೆ ಅನ್ನಿಸಲಿಲ್ವಾ?"

"ನನ್ನ ಕೆಲಸ ಹೋಗ್ತಿತ್ತಲ್ಲ."

ಚೀಲ ಸುರಿಸಿಕೊಂಡ ಸಂಜೆ ಮುಕಾಮಿ ನೇರವಾಗಿ ಈ ಮೂರನೇ ಮಹಡಿಗೆ ಬಂದಳು. ಇಡೀ ಕಟ್ಟಡಕ್ಕೆ ಕೇಳುವಂತೆ ಇಬ್ಬರೂ ಕಿತ್ತಾಡಿದರು. ಕಲ್ಲು ಇರುವುದು ನಿನ್ನ ಮನೆಯಲ್ಲಿ, ನಾನು ಯಾವುದರಲ್ಲಿ ಕೆರೆಯಲಿ ಎಂದಳು ಮುಕಾಮಿ. ದಾರಿಯಲ್ಲಿ ಯಾರಿಗೆ ತೋರಿಸಿದೆ ಹೇಳು ಎಂದರು ವಿಜಿ. ಆಚೆಮನೆಯವರು ಬಾಗಿಲು ತೆಗೆದು ನೋಡಿದರು. ಜಗಳ ಬಗೆಹರಿಯಲಿಲ್ಲ. ಹೋಗುವಾಗ ಮುಕಾಮಿ ಮೆಟ್ಟಿಲ ಮೇಲಿನಿಂದ ಒಂದು ಮಾತು ಎಸೆದು ಹೋದಳು: ಕತ್ತಿ ಹರಿತವೇ ಆಗಿಲ್ಲ ಎಂದು ಮುದುಕಪ್ಪ ಮೊದಲ ದಿನದಿಂದ ಗೊಣಗುತ್ತಿದ್ದಾರೆ, ನಿನ್ನ ಕೆಲಸವೂ ಅಷ್ಟೇ.

ಆ ಮಾತು ವಿಜಿಯನ್ನು ಕೊರೆಯಿತು. ಕಳ್ಳಿ ಎಂದದ್ದಕ್ಕಿಂತ ಹೆಚ್ಚು ಕೊರೆಯಿತು ಎನ್ನುತ್ತಾರೆ. ಹರಿತ ಮಾಡದೆ ಅವರು ಕತ್ತಿಯನ್ನು ಬಟ್ಟೆಯಲ್ಲಿ ಸುತ್ತುವವರಲ್ಲ.

ನಾಲ್ಕನೇ ದಿನ ಮಧ್ಯಾಹ್ನ ಬಾಗಿಲು ಬಡಿದ ಸದ್ದು. ತೆಗೆದರೆ ಮುಕಾಮಿ. ಅವಳ ಹಿಂದೆ, ಗೋಡೆ ಹಿಡಿದುಕೊಂಡು ಏದುಸಿರು ಬಿಡುತ್ತ, ಕೋಟು ಹಾಕಿಕೊಂಡ ಶ್ರೀಪಾದ. ಮನೆಯಲ್ಲಿ ಯಾರೂ ಇಲ್ಲದಾಗ ಅವರೇ ಮುಕಾಮಿಯನ್ನು ಕರೆದು, ಕತ್ತಿ ಮಸೆಯುವವರ ಮನೆಗೆ ಕರೆದುಕೊಂಡು ಹೋಗು ಎಂದಿದ್ದರು. ಅವಳು ಮೊದಲು ಒಪ್ಪಿರಲಿಲ್ಲ. ಮುದುಕಪ್ಪನನ್ನು ಎಲ್ಲಿಗೋ ಸಾಗಿಸಿದಳು ಎಂಬ ಇನ್ನೊಂದು ಅಪವಾದ ಬರುತ್ತದೆ ಎಂದು ಅವಳ ಹೆದರಿಕೆ. ನೀನು ಬರದಿದ್ದರೆ ಒಬ್ಬನೇ ಹೋಗುತ್ತೇನೆ ಎಂದಾಗ ಹೊರಟಳು. ಅವರು ಹಟ ಹಿಡಿದದ್ದರಿಂದ ಮಟಾಟುವಿನಲ್ಲೇ ಬಂದರು.

ಶ್ರೀಪಾದ ಕೂತು, ನೀರು ಕುಡಿದು, ಮೊದಲು ಕೇಳಿದ್ದು ಇದು: "ಅಮ್ಮ, ನಿಜ ಹೇಳಿ. ಈ ಬೆನ್ನು ಸವೆಸಿದ್ದು ನೀವಲ್ಲ ತಾನೇ?"

"ಅಲ್ಲ ಸಾರ್. ಎಷ್ಟು ಜನರಿಗೆ ಅಂತ ಹೇಳ್ಲಿ?"

ಅವರು ಕೈಚೀಲದಿಂದ ಕತ್ತಿಯನ್ನೂ ಒಂದು ಪಿಂಗಾಣಿ ಕಾಫಿ ಬಟ್ಟಲನ್ನೂ ತೆಗೆದು ಮುಂದಿಟ್ಟರು. ಬಟ್ಟಲನ್ನು ಬೋರಲು ಮಾಡಿದರು. "ಹಾಗಾದ್ರೆ ಇದನ್ನ ನೋಡಿ. ನನ್ನ ಕಣ್ಣು ನಂಬೋಕೆ ಆಗ್ತಿಲ್ಲ."

ಬಟ್ಟಲಿನ ಅಡಿಯಲ್ಲಿ, ನೆಲಕ್ಕೆ ಕೂರುವ ಒರಟು ಉಂಗುರದ ಮೇಲೆ ಪೆನ್ಸಿಲಿನಿಂದ ಗೀಚಿದಂತೆ ಕಪ್ಪು ಗೆರೆಗಳು. ವಿಜಿ ಬೆರಳಾಡಿಸಿ ನೋಡಿದರು. ಉಕ್ಕಿನ ಗುರುತು.

"ಇದರ ಮೇಲೆ ಕತ್ತಿ ಉಜ್ಜಿದ್ದೀರ ಸಾರ್. ತುಂಬಾ ಸಲ."

ಅವರು ಉಜ್ಜಿದ್ದರು. ಮಸೆದು ಬಂದ ಕತ್ತಿಯನ್ನು ಹೆಬ್ಬೆರಳಿಗೆ ತಾಗಿಸಿದಾಗ ಕಚ್ಚಲಿಲ್ಲ, ನುಣ್ಣಗಿತ್ತು. ನಯವಾಗಿ ಮಸೆದ ಬಾಯಿ ಹಾಗೇ ಇರುತ್ತದೆ, ಅವರಿಗೆ ಅದು ಗೊತ್ತಿರಲಿಲ್ಲ. ಹರಿತವಿಲ್ಲ ಎಂದುಕೊಂಡು, ತಮ್ಮ ತಂದೆ ಮಾಡುತ್ತಿದ್ದಂತೆ ಬಟ್ಟಲಿನ ಅಡಿಗೆ ಉಜ್ಜಿದರು. ಟೇಪು ಹಾಕಿ ಮಸೆದ ಕತ್ತಿಗೆ ಮುಂದೆಯೂ ಟೇಪು ಹಾಕಿಯೇ ಮಸೆಯಬೇಕು. ಟೇಪಿಲ್ಲದೆ ಉಜ್ಜಿದರೆ ಬೆನ್ನು ಕೆಳಗೆ ಕೂರುತ್ತದೆ, ಬಾಯಿಯ ತುದಿ ತಾಗುವುದೇ ಇಲ್ಲ, ಬೆನ್ನು ಮಾತ್ರ ಸವೆಯುತ್ತದೆ. ಕಾಣಬೇಕಾದ ಹರಿತ ಕಾಣದೆ ಅವರು ದಿನವೂ ಇನ್ನಷ್ಟು ಉಜ್ಜಿದರು. ಕನ್ನಡಕವಿಲ್ಲದೆ.

ವಿಜಿ ಅವರನ್ನು ಬಯ್ಯಲು ಬಾಯಿ ತೆರೆದಿದ್ದರಂತೆ. ಅಷ್ಟರಲ್ಲಿ ಶ್ರೀಪಾದ ನಗತೊಡಗಿದರು. ನಗು ಅಳುವಾಗುವವರೆಗೆ ನಕ್ಕರು.

"ಹಾಗಾದ್ರೆ ನಾನು ಮಾಡಿದ್ದು ನಿಜ! ನನ್ನ ನೆನಪು ಸರಿಯಾಗೇ ಇದೆ."

ಕೆಲವು ತಿಂಗಳಿಂದ ಮಗ ಅವರ ಮೇಲೆ ಕಣ್ಣಿಟ್ಟಿದ್ದ. ಗ್ಯಾಸ್ ಹಚ್ಚಬೇಡಿ, ಬಾಗಿಲ ಚಿಲಕ ಹಾಕಬೇಡಿ, ಗೇಟಿನಾಚೆ ಹೋಗಬೇಡಿ. ಒಂದೆರಡು ಸಲ ಅವರು ಹೇಳಿದ್ದನ್ನೇ ಹೇಳಿದ್ದರು, ಇಟ್ಟದ್ದನ್ನು ಮರೆತಿದ್ದರು. ಡಾಕ್ಟರಿಗೆ ತೋರಿಸುವ ಮಾತು ಪಕ್ಕದ ಕೋಣೆಯಲ್ಲಿ ನಡೆಯುತ್ತಿದ್ದುದು ಅವರ ಕಿವಿಗೂ ಬಿದ್ದಿತ್ತು. ಕತ್ತಿಯ ಬೆನ್ನು ನೋಡಿ ಮಗ ಕೂಗಾಡಿದಾಗ, ನಾನೇ ಬಟ್ಟಲಿಗೆ ಉಜ್ಜಿದ ನೆನಪಿದೆಯಲ್ಲ ಎಂದುಕೊಂಡರು. ಆಮೇಲೆ, ಅದು ನಾನೋ, ಚಿಕ್ಕಂದಿನಲ್ಲಿ ಕಂಡ ನನ್ನ ಅಪ್ಪನೋ ಎಂದು ಸಂದೇಹ ಬಂತು. ಬಾಯಿ ಬಿಡಲಿಲ್ಲ. ಮುಕಾಮಿಯ ಚೀಲ ನೆಲಕ್ಕೆ ಬಿದ್ದದ್ದನ್ನು ನೋಡಿದ ಮೇಲೆ ಊಟ ಸೇರಲಿಲ್ಲ.

"ನನಗೆ ಹೇಳಿದ್ರೆ ಸಾಲದು ಸಾರ್" ಎಂದು ವಿಜಿ ತಮ್ಮ ಫೋನನ್ನು ಅವರ ಕೈಗಿಟ್ಟರು. "ಮನೇಲಿ ಹೇಳಿ. ಈಗಲೇ. ಇವಳ ಮುಂದೆ."

ಅವರು ಮುಕಾಮಿಯನ್ನು ನೋಡಿದರು, ಫೋನನ್ನು ನೋಡಿದರು. ಮಗನ ನಂಬರನ್ನು ನೆನಪಿನಿಂದಲೇ ಒತ್ತಿದರು. ಎಲ್ಲವನ್ನೂ ಹೇಳಿದರು. ಆ ಕಡೆಯಿಂದ ಧನಂಜಯ್ ಮೊದಲು ಕೇಳಿದ್ದು, "ಅಪ್ಪಾ, ನೀವು ಅಲ್ಲಿಗೆ ಹೇಗೆ ಹೋದ್ರಿ?"

"ಮಟಾಟುನಲ್ಲಿ" ಎಂದರು ಶ್ರೀಪಾದ, ಗೆದ್ದವರಂತೆ.

ಧನಂಜಯ್ ಕಾರು ತಂದು ಕರೆದುಕೊಂಡು ಹೋದರು. "ಥ್ಯಾಂಕ್ಸ್ ಮೇಡಂ" ಎಂದರು, ಕ್ಷಮಿಸಿ ಎನ್ನಲಿಲ್ಲ. ಗುಂಪಿನಿಂದ ಆ ಫೋಟೋಗಳನ್ನು ಅಳಿಸಿದರು. ಯಾಕೆ ಅಳಿಸಿದ್ದೆಂದು ಬರೆಯಲಿಲ್ಲ. ಆದ್ದರಿಂದಲೇ ನನ್ನ ನೆರೆಯವರ ಕಿವಿಯಲ್ಲಿ ಚಿನ್ನದ ಗಲಾಟೆ ಇನ್ನೂ ಉಳಿದಿದೆ. ಮುಕಾಮಿಗೆ ಕೆಲಸದಲ್ಲಿ ಉಳಿ ಎಂದರು. ಅವಳು ಆ ತಿಂಗಳು ಮುಗಿಸಿ ಬಿಟ್ಟಳು. "ನಾಳೆ ಚಮಚ ಕಾಣದಿದ್ದರೂ ಮೊದಲು ನನ್ನ ಚೀಲವೇ ಅಲ್ಲವೇ?" ಎಂದು ಕ್ಯಾಂಟೀನಿನಲ್ಲಿ ನನ್ನನ್ನು ಕೇಳಿದಳು. ವಿಜಿಯನ್ನು ಕ್ಷಮಿಸಿದ್ದೀಯಾ ಎಂದರೆ ಭುಜ ಕುಣಿಸಿದಳು. ರಸ್ತೆಯಲ್ಲಿ ಸಿಕ್ಕರೆ ಇಬ್ಬರೂ ಮಾತಾಡಿಸುತ್ತಾರೆ. ಅಷ್ಟೇ.

ಶ್ರೀಪಾದರ ಕತ್ತಿಯನ್ನು ವಿಜಿ ಮತ್ತೊಮ್ಮೆ ಮಸೆದು ಕೊಟ್ಟರು. ಆ ಸಲ ಟೇಪು ತೆಗೆಯಲಿಲ್ಲ. ಅವರೇ ಬಂದು, ಕನ್ನಡಕ ಹಾಕಿಕೊಂಡು ಕಿತ್ತರು. ದಂಟು ಮಾತ್ರ ಉಳಿದ ಬಳ್ಳಿಯೊಂದಿಗೆ ಕತ್ತಿ ಮೈಸೂರಿಗೆ ಹೋಯಿತು. ಟೇಪನ್ನು ಹಾಗೇ ಉಳಿಸಿ ಕೊಡುವ ಪದ್ಧತಿ ಅಲ್ಲಿಂದ ಶುರು.

ಕೆಲಸ ನಿಧಾನವಾಗಿ ಮರಳಿ ಬರುತ್ತಿದೆ. ಈಗಲೂ ಕತ್ತಿ ಕೊಟ್ಟು ಹೋಗುವಾಗ ಹಲವರು ಬೆನ್ನಿನ ಫೋಟೋ ತೆಗೆದುಕೊಳ್ಳುತ್ತಾರೆ. ವಿಜಿಯೂ ತೆಗೆದುಕೊಳ್ಳುತ್ತಾರೆ. ಕೆಲಸ ಮುಗಿಸಿ ಗಿರಾಕಿಗಳ ಮನೆಗೆ ಕತ್ತರಿ ತಲುಪಿಸಲು ಹೊರಟರೆ ಪ್ರತಿ ಗೇಟಿನಲ್ಲೂ ಕಾವಲಿನ ಅಸ್ಕಾರಿ ಚೀಲ ಬಿಚ್ಚಿಸುತ್ತಾನೆ. ಒಳಗಿನ ಅಲಗುಗಳನ್ನು ಕಂಡು ಹಿಂದೆ ಸರಿಯುತ್ತಾನೆ. ಪರಿಚಯದವರು ಮಾತ್ರ "ಮಾಮಾ ವೆಂಬೆ" ಎಂದು ನಗುತ್ತಾರೆ. ವೆಂಬೆ ಎಂದರೆ ಸ್ವಾಹಿಲಿಯಲ್ಲಿ ಕ್ಷೌರದ ಅಲಗು.

"ನೀವು ಮಸೆದ ಕತ್ತಿಯಲ್ಲಿ ಯಾರಾದ್ರೂ ಶೇವ್ ಮಾಡ್ಕೊಳ್ಳೋದನ್ನ ನೋಡಿದ್ದೀರಾ?" ಎಂದು ಹೊರಡುವ ಮುನ್ನ ಕೇಳುತ್ತೇನೆ.

ವಿಜಿ ಯೋಚಿಸುತ್ತಾರೆ. "ಇಲ್ಲ. ಅವರವರ ಬಚ್ಚಲಲ್ಲಿ ಮಾಡ್ಕೊಳ್ತಾರೆ, ನಾನೆಲ್ಲಿ ನೋಡ್ಲಿ? ಆಲ್ಫ್ರೆಡ್ ಇದ್ದಾಗ ನೋಡ್ತಿದ್ದೆ, ಅದು ಅವರ ಕತ್ತಿ."

ಅಷ್ಟರಲ್ಲಿ ಅವರ ಪತಿ ಗೋಪಾಲ್ ಒಳಗೆ ಬರುತ್ತಾರೆ. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ, ಬೆರಳುಗಳಲ್ಲಿ ಶಾಯಿ, ಎದೆಗೆ ತಾಗುವಷ್ಟು ಉದ್ದದ ನರೆತ ಗಡ್ಡ. ನನ್ನ ಕಣ್ಣು ಅದರ ಮೇಲೆ ನಿಂತದ್ದನ್ನು ಇಬ್ಬರೂ ಗಮನಿಸುತ್ತಾರೆ.

"ಇವಳು ಕತ್ತಿ ಹಿಡಿಯೋದು ಕಲಿತ ವರ್ಷ ಈ ಗಡ್ಡ ಬಿಟ್ಟಿದ್ದು" ಎನ್ನುತ್ತಾರೆ ಗೋಪಾಲ್. "ಮನೇಲಿ ಇಷ್ಟೊಂದು ಕತ್ತಿ ಇರುವಾಗ ಹುಷಾರಾಗಿರಬೇಕಲ್ಲ."

"ಊರಿನವರಿಗೆಲ್ಲ ನನ್ನ ಮೇಲೆ ಅನುಮಾನ ಹೋದ್ರೂ ಇವರಿಗೆ ಹೋಗಲ್ಲ" ಎಂದು ವಿಜಿ ನಗುತ್ತಾರೆ. ಆಮೇಲೆ, ಕತ್ತರಿಯ ಅಲಗನ್ನು ಬೆಳಕಿಗೆ ಹಿಡಿದು ನೋಡುತ್ತ, ನನಗೆ ಮಾತ್ರ ಕೇಳುವಂತೆ ಹೇಳುತ್ತಾರೆ: "ಮುಂದಿನ ವರ್ಷ ರಿಟೈರ್ ಆಗ್ತಾರೆ. ಆವತ್ತು ತೆಗೆಸ್ಕೊಳ್ತೀನಿ ಅಂತ ಒಪ್ಕೊಂಡಿದ್ದಾರೆ. ಒಂದು ಕೆನ್ನೆ ಮಾತ್ರ ನಂಗೆ, ಇನ್ನೊಂದನ್ನ ಅವರೇ ಬ್ಲೇಡಲ್ಲಿ ಮಾಡ್ಕೊಳ್ತಾರಂತೆ. ಪರವಾಗಿಲ್ಲ. ನಂಗೆ ಒಂದು ಕೆನ್ನೆ ಸಾಕು."